ಐದು ಪಿನ್ನಿನ ಪ್ಲಗ್ಗು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಲೇತು ಯಂತ್ರದ ವಿಷಯವಾಗಿ ಬರೆಯಹೊರಟದ್ದನ್ನು ಕಂಡು ವಾಚಕಮಿತ್ರರಿಗೆ ನಗು ಬಂದೀತು. ಬರಲಿ. ಕಳೆದ ಬೇಸಿಗೆಯ ರಜೆಯಲ್ಲಿ ಕಲಿತ ಪಾಠವೊಂದು ಯಂತ್ರಕ್ಕೆ ಸಲ್ಲುವಂತೆ ನಮ್ಮ ಓದಿಗೂ ಸಲ್ಲುವುದೆಂದು ತೋರಿದ್ದರಿಂದ ಅದನ್ನು ಇಲ್ಲಿ ನಿವೇದಿಸುತ್ತೇನೆ.

ನಮ್ಮ ತಂದೆಯವರು ಟರ್ನರ್. ಇಪ್ಪತ್ತೆಂಟು ವರ್ಷ ಪರರ ಲೇತಿನ ಮುಂದೆ ನಿಂತು ದುಡಿದವರು. ಈಚೆಗೆ, ಹವ್ಯಾಸಿಗಳು ಮೇಜಿನ ಮೇಲೆ ಇಟ್ಟುಕೊಳ್ಳುವಂತಹ ಚಿಕ್ಕ ಲೇತೊಂದನ್ನು ಹಳೆಯದರಲ್ಲಿ ಕೊಂಡು ತಂದರು. ಅದರ ಮೊದಲ ಒಡೆಯರು ವೇಗವನ್ನು ನಿಯಂತ್ರಿಸುವ ಪೆಟ್ಟಿಗೆಯನ್ನು ಯಂತ್ರದಿಂದ ಬೇರ್ಪಡಿಸಿ, ನಡುವೆ ಕೇಬಲ್ಲು ಹಾಕಿದ್ದರು. ಸಾಗಿಸುವಾಗ ಕೇಬಲ್ಲಿನ ತುದಿಯ ಪ್ಲಗ್ಗು ಕತ್ತರಿಸಿ ಕಳೆದುಹೋಗಿತ್ತು. ಲೇತಿನ ಹಿಂಬದಿಯ ತಗಡಿನಲ್ಲಿ ದುಂಡನೆಯ ಲೋಹದ ಸಾಕೆಟ್ಟು, ಅದರೊಳಗೆ ಐದು ಪಿನ್ನು, ಉಳಿದದ್ದು ಇಷ್ಟೇ. ಕೈಪಿಡಿಯೂ ಇರಲಿಲ್ಲ. ತಂದೆಯವರು ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮದೆಂದು ಕೊಂಡ ಲೇತು ಮೂರು ವಾರ ಗೋಣಿಚೀಲ ಹೊದ್ದು ಕುಳಿತಿತು.

ಅಂಗಡಿಗೆ ಹೋದರೆ, "ಹೆಸರು ಹೇಳಿ, ಮಾಲು ಕೊಡುತ್ತೇನೆ" ಎಂದರು. ತಂದೆಯವರಿಗೆ ವಸ್ತು ಗೊತ್ತು, ಪಟ್ಟಿಯ ಇಂಗ್ಲಿಷ್ ಓದಲು ಬಾರದು. ನನಗೆ ಇಂಗ್ಲಿಷ್ ಓದಲು ಬರುತ್ತದೆ, ವಸ್ತು ಗೊತ್ತಿಲ್ಲ. "ಐದು ಪಿನ್ನಿನದು" ಎಂದೆ. ಹಿಂದೆ ಟೇಪ್ ರೆಕಾರ್ಡರುಗಳಿಗೆ ಬರುತ್ತಿದ್ದ, ಡಿನ್ ಎಂಬ ಜರ್ಮನ್ ಮಾನಕದ ಪ್ಲಗ್ಗನ್ನು ಕೊಟ್ಟರು. ಅದಕ್ಕೂ ಪಿನ್ನು ಐದೇ. ಆದರೆ ಅವು ಕಮಾನಿನಂತೆ ನಿಂತಿದ್ದವು. ಹೊರಕವಚದ ವ್ಯಾಸ ಸುಮಾರು 13 ಮಿ.ಮೀ.; ತಿರುಪಿನ ಬಳೆಯೂ ಇಲ್ಲ. ಮನೆಗೆ ತಂದರೆ ಕೂಡಲೇ ಇಲ್ಲ.

ಆಗ ತಂದೆಯವರು ವರ್ನಿಯರ್ ಕ್ಯಾಲಿಪರನ್ನು ಕೈಗೆತ್ತಿಕೊಂಡರು. ಅವರು ನೋಡಿದ ಕ್ರಮ ಹೀಗಿತ್ತು. ಮೊದಲು, ಜೋಡಣೆ ಯಾವ ಬಗೆಯದು? ತಿರುಪಿನದು. ಎರಡನೆಯದಾಗಿ, ತಗಡಿನ ರಂಧ್ರದ ವ್ಯಾಸವೆಷ್ಟು? ಸಾಕೆಟ್ಟನ್ನು ಬಿಚ್ಚಿ ಅಳೆದರೆ 16 ಮಿ.ಮೀ. ಸಾಕೆಟ್ಟಿನ ಥ್ರೆಡ್ಡು ಮಾತ್ರ ಕೂದಲೆಳೆಯಷ್ಟು ಕಡಿಮೆ. ನಾನು ಸಂದೇಹಪಡಲು, "ಥ್ರೆಡ್ಡಿನ ಮೈ ಯಾವಾಗಲೂ ಹೆಸರಿಗಿಂತ ಒಂದಿಷ್ಟು ಸಣ್ಣದೇ" ಎಂದರು. ಮೂರನೆಯದಾಗಿ, ಪಿನ್ನು ಯಾವ ಕಡೆ, ತೂತು ಯಾವ ಕಡೆ? ನಾಲ್ಕನೆಯದಾಗಿ, ತಪ್ಪಾಗಿ ಕೂಡದಂತೆ ಇರುವ ಗಾಡಿ ಎಲ್ಲಿದೆ? ಪಿನ್ನುಗಳ ಎಣಿಕೆ ಕೊನೆಯದು. ಈ ಗುರುತುಗಳನ್ನಿಟ್ಟುಕೊಂಡು ಹುಡುಕಿದಾಗ ಹೆಸರು ಸಿಕ್ಕಿತು: ಜಿಎಕ್ಸ್ 16. ಈ ವಂಶದಲ್ಲಿ 12, 16, 20 ಎಂಬ ಅಂಕೆಗಳು ರಂಧ್ರದ ಅಳತೆಯನ್ನೇ ಹೇಳುತ್ತವೆ. ವ್ಯಾಪಾರಿಗಳು ಇದನ್ನು ಏವಿಯೇಷನ್ ಪ್ಲಗ್ಗು ಎನ್ನುತ್ತಾರೆ. ಹೆಸರು ಹಾಗಿದ್ದ ಮಾತ್ರಕ್ಕೆ ಅದು ವಿಮಾನಕ್ಕೆ ತಕ್ಕ ಗುಣಮಟ್ಟದ್ದೆಂದು ತಿಳಿಯಬಾರದು.

ಹೆಸರು ಸಿಕ್ಕಿತು, ಇನ್ನೇನೆಂದು ನಾನು ಹಿಗ್ಗಿದೆ. ಬೇರೊಬ್ಬರ ಲೇತಿನ ಚಿತ್ರವನ್ನು ನೋಡಿ ತಂತಿಗಳನ್ನು ಬೆಸೆಯಲು ಸಿದ್ಧನಾದೆ. ತಂದೆಯವರು ತಡೆದರು: "ಒಂದೇ ಅಳತೆಯ ಬೀಗಗಳಿಗೆಲ್ಲ ಒಂದೇ ಕೀಲಿಯೇನೋ?"

ಮಾತು ನಿಜ. ನಮ್ಮ ಗೋಡೆಯ ಸಾಕೆಟ್ಟಿನ ವಿಷಯ ಬೇರೆ. ಅಲ್ಲಿ ಆಕಾರಕ್ಕೂ ಅರ್ಥಕ್ಕೂ ಮಾನಕವುಂಟು. ದಪ್ಪನೆಯ ಉದ್ದನೆಯ ಪಿನ್ನು ಭೂಸಂಪರ್ಕದ್ದು, ಮೊದಲು ತಾಗಲೆಂದೇ ಅದು ಉದ್ದ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ತಿರುಪುಗಳಿಗೆ 55 ಡಿಗ್ರಿಯ ಏಕರೂಪದ ಥ್ರೆಡ್ಡನ್ನು ಸೂಚಿಸಿದ ಮೇಲೆ ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಕೂಡುವಂತಾಯಿತೆಂದು ಓದಿದ್ದೇನೆ. ಆದರೆ ಈ ದುಂಡು ಪ್ಲಗ್ಗಿನಲ್ಲಿ ಏಕರೂಪವಾಗಿರುವುದು ಆಕಾರ ಮಾತ್ರ. ಯಾವ ಪಿನ್ನಿಗೆ ಯಾವ ತಂತಿ ಎಂಬುದು ಬೆಸೆದವನ ಇಷ್ಟ.

ಆದುದರಿಂದ ಪೆಟ್ಟಿಗೆಯನ್ನು ಗೋಡೆಯಿಂದ ಕಳಚಿಟ್ಟು, ಮಲ್ಟಿಮೀಟರಿನಿಂದ ಲೇತಿನ ಪಿನ್ನುಗಳನ್ನು ಒಂದೊಂದಾಗಿ ಕೇಳಿದೆವು. ಒಂದು ಪಿನ್ನಿಗೂ ಲೇತಿನ ಬರಿಯ ಕಬ್ಬಿಣಕ್ಕೂ ನಡುವೆ ರೋಧ ಸೊನ್ನೆ, ಅದು ಭೂಸಂಪರ್ಕ. ಎರಡು ಪಿನ್ನುಗಳ ನಡುವೆ ಕೆಲವೇ ಓಮ್; ಚಕ್ಕನ್ನು ಕೈಯಿಂದ ತಿರುಗಿಸಿದರೆ ಅಂಕೆ ಅಲುಗುತ್ತದೆ; ಅದು ಬ್ರಷ್ಷುಗಳಿರುವ ಡಿ.ಸಿ. ಮೋಟಾರು. ಉಳಿದೆರಡು, ಚಕ್ಕಿನ ಮೇಲಿನ ರಕ್ಷಾಕವಚವನ್ನು ಇಳಿಸಿದರೆ ಕೂಡುತ್ತವೆ, ಎತ್ತಿದರೆ ಬಿಡುತ್ತವೆ. ಅದು ಕವಚ ತೆರೆದಿರುವಾಗ ಯಂತ್ರ ಓಡದಂತೆ ತಡೆಯುವ ಸ್ವಿಚ್ಚು. ಪೆಟ್ಟಿಗೆಯನ್ನು ತೆರೆಯುವ ಮುನ್ನ ಸ್ವಲ್ಪ ಹೊತ್ತು ಕಾದು, ಒಳಗಿನ ಕಂಡೆನ್ಸರಿನಲ್ಲಿ ವಿದ್ಯುತ್ತು ಉಳಿದಿಲ್ಲವೆಂದು ಅಳೆದು ನೋಡಿ, ಆ ಕಡೆಯ ತಂತಿಗಳನ್ನೂ ಗುರುತಿಸಿದೆವು.

ಬೆಸುಗೆ ಹಾಕಿದವನು ನಾನು, ತಪ್ಪಿದವನೂ ನಾನೇ. ಪ್ಲಗ್ಗಿನ ಮುಖದಲ್ಲಿ ಎದುರಿನಿಂದ ಕಂಡ ತೂತುಗಳ ಸಾಲನ್ನು ಬರೆದುಕೊಂಡು ಅದರ ಬೆನ್ನಿನಲ್ಲಿಯೂ ಅದೇ ಸಾಲಿನಲ್ಲಿ ಬೆಸೆದೆ. ಹಿಂದಿನಿಂದ ನೋಡಿದಾಗ ಎಡಬಲ ಕನ್ನಡಿಯಲ್ಲಿಯಂತೆ ಅದಲುಬದಲಾಗುತ್ತದೆಂಬುದು ಹೊಳೆಯಲಿಲ್ಲ. ಪ್ರತಿ ಪಿನ್ನಿನ ಪಕ್ಕದಲ್ಲಿ ಅಂಕೆಯಿದ್ದರೂ ನಾನು ಕಣ್ಣನ್ನೇ ನಂಬಿದೆ. ವಿದ್ಯುತ್ತು ಕೊಡುವ ಮುಂಚೆ ಪೆಟ್ಟಿಗೆಯ ತಗಡಿಗೂ ಲೇತಿನ ಕಬ್ಬಿಣಕ್ಕೂ ಮೀಟರು ಹಿಡಿಯೆಂದರು ತಂದೆಯವರು. ಸೊನ್ನೆ ಬರಬೇಕಾದಲ್ಲಿ ಸಂಪರ್ಕವೇ ಇಲ್ಲ! ಮೋಟಾರಿನ ತಂತಿ ಭೂಸಂಪರ್ಕದ ಪಿನ್ನಿಗೆ ಹೋಗಿತ್ತು. ಹಾಗೆಯೇ ಚಾಲೂ ಮಾಡಿದ್ದರೆ ಯಂತ್ರದ ಮೈಗೆಲ್ಲ ವಿದ್ಯುತ್ತು ಹರಿಯುವ ಸಂಭವವಿತ್ತು. ಅದರ ಹಿಡಿಯ ಮೇಲೆ ಇರುತ್ತಿದ್ದದ್ದು ತಂದೆಯವರ ಕೈ. ಅವರು ಬೈಯಲಿಲ್ಲ. "ಬಿಚ್ಚು, ಮತ್ತೆ ಹಾಕು" ಎಂದರು ಅಷ್ಟೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ಲೇತು ಓಡಿತು. ತಂದೆಯವರು ಹಿತ್ತಾಳೆಯ ತುಂಡೊಂದನ್ನು ಕಡೆದು, ಉಗುರಿನಿಂದ ಸವರಿ ನೋಡಿ ನನ್ನ ಕೈಗಿಟ್ಟರು. ನಾನು ಪೆಟ್ಟಿಗೆಯ ಮುಚ್ಚಳದ ಒಳಗೆ ಐದು ಪಿನ್ನುಗಳ ವಿವರವನ್ನು ಕನ್ನಡದಲ್ಲಿ ಬರೆದು ಅಂಟಿಸಿದೆ. ಮುಂದೆ ತೆರೆಯುವವರಿಗೆ ನಮ್ಮ ಪಾಡು ಬಾರದಿರಲೆಂದು.

ತರಗತಿಯಲ್ಲಿ ಒಂದು ಪದದ ಹೆಸರು ತಿಳಿದೊಡನೆ ಅರ್ಥವೂ ತಿಳಿಯಿತೆಂದುಕೊಳ್ಳುವ ಅಭ್ಯಾಸ ನನ್ನಲ್ಲಿತ್ತು. ಈಗ ಅದು ಅಲ್ಲಿ ಯಾವ ಕೆಲಸ ಮಾಡುತ್ತಿದೆಯೆಂದೂ ಕೇಳುತ್ತೇನೆ. ಇದನ್ನು ಕಲಿಸಿದವರು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವರು.