ರೋಗಲಕ್ಷಣವೇ ರೋಗವಲ್ಲ

ಪೈರಿನ ಎಲೆ ಹಳದಿಯಾದೊಡನೆ ಯೂರಿಯಾ ಎರಚುವ ರೈತರು ಬಹಳ ಮಂದಿ. ಸಾರಜನಕದ ಕೊರತೆಯಿದ್ದರೆ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣದ ಕೊರತೆಯಿದ್ದರೆ ಎಳೆಯ ಎಲೆಗಳ ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಬುಡದಲ್ಲಿ ನೀರು ನಿಂತರೂ ಎಲೆ ಹಳದಿಯಾಗುವುದುಂಟು. ಬಣ್ಣ ಒಂದೇ ಆದರೂ ಕಾರಣ ಬೇರೆ. ಆದ್ದರಿಂದ ಪರಿಹಾರವೂ ಬೇರೆ. ಮನುಷ್ಯನ ದೇಹ ಮತ್ತು ಮನಸ್ಸಿಗೂ ಈ ಮಾತು ಅನ್ವಯಿಸುತ್ತದೆ.

ಲಕ್ಷಣಕ್ಕೆ ಚಿಕಿತ್ಸೆ ತಪ್ಪಲ್ಲ

ವಾಂತಿ-ಭೇದಿಯಲ್ಲಿ ಜೀವಕ್ಕೆ ಅಪಾಯ ತರುವುದು ಮುಖ್ಯವಾಗಿ ನೀರು ಮತ್ತು ಲವಣಗಳ ನಷ್ಟ. ಓ.ಆರ್.ಎಸ್. ದ್ರಾವಣವು ರೋಗಾಣುವನ್ನು ಕೊಲ್ಲುವುದಿಲ್ಲ. ಆದರೂ ಆ ನಷ್ಟವನ್ನು ತುಂಬಿ ಪ್ರಾಣ ಉಳಿಸುತ್ತದೆ. ಪೊಟ್ಟಣ ಸಿಗದಿದ್ದಾಗ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಆಗಾಗ್ಗೆ ಕುಡಿಸಬಹುದು. ಮಲದಲ್ಲಿ ರಕ್ತ ಕಂಡರೆ ಅಥವಾ ರೋಗಿ ನಿತ್ರಾಣನಾದರೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಕಾರಣ ಮರೆಯಾದಾಗ

ಕೀಟನಾಶಕ ಸಿಂಪಡಿಸಿದವರಿಗೆ ತಲೆನೋವು, ವಾಕರಿಕೆ ಬಂದರೆ ಬಿಸಿಲಿನ ಝಳವೆಂದು ಮಾತ್ರೆ ನುಂಗಿ ಮತ್ತೆ ಸಿಂಪಡಣೆಗೆ ಇಳಿಯುವುದು ಅಪಾಯಕರ. ಜೊತೆಗೆ ಅತಿ ಬೆವರು, ಜೊಲ್ಲು, ಮಂದ ದೃಷ್ಟಿ, ಕಣ್ಣಿನ ಪಾಪೆ ಕಿರಿದಾಗುವುದು ಕಂಡುಬಂದರೆ ಅದು ಆರ್ಗನೋಫಾಸ್ಫೇಟ್ ವಿಷದ ಸೂಚನೆಯಾಗಿರಬಹುದು. ಕೂಡಲೇ ಕೆಲಸ ನಿಲ್ಲಿಸಿ, ಬಟ್ಟೆ ಕಳಚಿ, ಸೋಪು ನೀರಿನಿಂದ ಮೈ ತೊಳೆದು, ಔಷಧಿ ಡಬ್ಬಿಯ ಚೀಟಿಯೊಡನೆ ಆಸ್ಪತ್ರೆಗೆ ಹೋಗಬೇಕು. ಯಾವ ವಿಷವೆಂದು ತಿಳಿದರೆ ವೈದ್ಯರಿಗೆ ಸರಿಯಾದ ಚಿಕಿತ್ಸೆ ಕೊಡಲು ಅನುಕೂಲ.

ಮನಸ್ಸಿನ ನೋವು

ಬೆಳೆ ಹೋಗಿ ಸಾಲ ಉಳಿದಾಗ ನಿದ್ರೆಗೇಡು, ಮೈಕೈ ನೋವು, ಹಸಿವಿಲ್ಲದಿರುವುದು, ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು ಕಾಣಬಹುದು. ಇವು 2 ವಾರ ಮೀರಿ ಮುಂದುವರಿದರೆ ಖಿನ್ನತೆ ಇರಬಹುದು. ರಕ್ತಹೀನತೆ, ಥೈರಾಯಿಡ್ ದೋಷಗಳಿಂದಲೂ ಇಂಥ ಕೆಲವು ಲಕ್ಷಣಗಳು ಬರುವುದರಿಂದ ವೈದ್ಯರ ಪರೀಕ್ಷೆ ಅವಶ್ಯ. ನೋವಿನ ಮಾತ್ರೆ, ಮದ್ಯಗಳು ನೋವನ್ನು ಮುಚ್ಚುತ್ತವೆಯೇ ಹೊರತು ಖಿನ್ನತೆಯನ್ನು ಗುಣಪಡಿಸುವುದಿಲ್ಲ. ಮಾತಿನ ಚಿಕಿತ್ಸೆ ಮತ್ತು ತಕ್ಕ ಔಷಧಿಯಿಂದ ಅನೇಕರು ಗುಣಮುಖರಾಗುತ್ತಾರೆ.

"ಬದುಕು ಸಾಕು" ಎಂದವನ ಮಾತನ್ನು ಹಗುರವಾಗಿ ಎಣಿಸಬಾರದು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವನನ್ನು ಒಂಟಿಯಾಗಿ ಬಿಡದೆ, ಕೀಟನಾಶಕಗಳನ್ನು ಕೈಗೆ ಸಿಗದಂತೆ ಇರಿಸಿ, ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ದೂರವಾಣಿ 14416ರಲ್ಲಿ ಹಗಲಿರುಳೂ ಸಲಹೆ ದೊರೆಯುತ್ತದೆ.

ಗ್ರಾಮಸೇವಕರು ಕೇಳಬೇಕಾದ ಪ್ರಶ್ನೆಗಳು

1. ತೊಂದರೆ ಎಂದು ಆರಂಭವಾಯಿತು?
2. ಅದಕ್ಕೆ ಮೊದಲು ಏನು ತಿಂದರು, ಏನು ಸಿಂಪಡಿಸಿದರು, ಮನೆಯಲ್ಲಿ ಏನು ನಡೆಯಿತು?
3. ಮಾತ್ರೆಯ ಪ್ರಭಾವ ಇಳಿದ ಮೇಲೆ ತೊಂದರೆ ಮರುಕಳಿಸುತ್ತದೆಯೇ?

ಮೂರನೆಯದಕ್ಕೆ ಹೌದೆಂಬ ಉತ್ತರ ಬಂದರೆ ಇನ್ನೊಂದು ಮಾತ್ರೆ ಕೊಳ್ಳುವುದಕ್ಕಿಂತ ವೈದ್ಯರ ಬಳಿ ಹೋಗಿ ಕಾರಣ ತಿಳಿಯುವುದು ಲೇಸು.