ದಂಡಿನ ಕಾರ್ಡು: ಮುಂದೆ ಆಟ, ಹಿಂದೆ ಚರಿತ್ರೆ

ಪ್ರಶ್ನೆ: ವಿಜಯನಗರ–ಬಿಜಾಪುರಗಳ ನಡುವಿನ 1520ರ ರಾಯಚೂರು ಕದನವನ್ನು ಮೇಜಿನ ಮೇಲೆ ಆಡಲೆಂದು ಗೆಳೆಯರೆಲ್ಲ ಸೇರಿ 15 ಮಿ.ಮೀ. ಗೊಂಬೆಗಳಿಗೆ ಬಣ್ಣ ಹಚ್ಚಿದ್ದೇವೆ. ಆಡುವಾಗ ನಿಯಮದ ಪುಸ್ತಕ ತಿರುವುವುದರಲ್ಲೇ ಹೊತ್ತು ಹೋಗುತ್ತದೆ. ತುಕಡಿಗೊಂದು ಕಾರ್ಡು ಮಾಡಿದರೆ ಏನೇನು ಬರೆಯಬೇಕು ಸರ್?
– ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ದಾಳ ಹಾಕುವ ಹೊತ್ತಿಗೆ ಬೇಕಾಗುವುದಷ್ಟೇ ಮುಂಬದಿಗೆ ಬರಲಿ. ತುಕಡಿಯ ಹೆಸರು, ಅದು ನಡೆಯುವ ದೂರ, ಬಾಣ ಅಥವಾ ಗುಂಡು ಹೋಗುವ ದೂರ, ಕೈಕೈ ಮಿಲಾಯಿಸಿದಾಗಿನ ಬಲ, ಯಾವಾಗ ಬೆನ್ನು ತೋರಿಸುತ್ತದೆ ಎಂಬುದು. ಅಂಕಿಗಳು ದಪ್ಪಗಿರಲಿ. ಕುದುರೆ ದಳಕ್ಕೆಲ್ಲ ಅನ್ವಯಿಸುವ ನಿಯಮವನ್ನು ಹತ್ತು ಕಾರ್ಡಿನಲ್ಲಿ ಬರೆಯಬೇಡಿ, ಅದಕ್ಕೆ ಬೇರೆ ಹಾಳೆ ಇರಲಿ.

ಹಿಂಬದಿ ಚರಿತ್ರೆಗೆ. ಆನೆ ತುಕಡಿಗೆ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರದ ದಂಡಿನ ಪರಿಶೀಲನೆಯಲ್ಲಿ ಕಂಡದ್ದನ್ನು ಬರೆಯಿರಿ: ಒಂದೊಂದು ಆನೆಯ ಮೇಲೆ ಮೂರು–ನಾಲ್ಕು ಜನ, ಹತ್ತಿ ತುಂಬಿ ಹೊಲಿದ ಅಂಗಿ, ಗುರಾಣಿ, ಎಸೆಯುವ ಭರ್ಜಿ. ಚಿತ್ರ ಬೇಕೆಂದರೆ ಹಂಪಿಯ ಹಜಾರರಾಮ ಗುಡಿಯ ಹೊರಗೋಡೆಗೆ ಹೋಗಿ. ಆನೆ, ಕುದುರೆ, ಕಾಲಾಳು ಸಾಲುಸಾಲಾಗಿ ಹೊರಟಿವೆ. ಆದರೆ ಅದು ಹದಿನೈದನೇ ಶತಮಾನದ ಆರಂಭದ ಕೆತ್ತನೆ. ಕೋವಿಯವರನ್ನು ಅಲ್ಲಿ ಹುಡುಕಬೇಡಿ.

ಪ್ರಶ್ನೆ: ಪೋರ್ಚುಗೀಸ್ ಬರಹಗಾರ ನೂನಿಜ್ ಕೊಟ್ಟ ಸೈನ್ಯದ ಲೆಕ್ಕ ನಂಬಬಹುದೇ? ಕಾರ್ಡಿನಲ್ಲಿ ಎಷ್ಟು ಎಂದು ಹಾಕಲಿ?
– ಶಾಲಾ ಶಿಕ್ಷಕರು, ಸಿರುಗುಪ್ಪ

ಉತ್ತರ: ಮೇಷ್ಟ್ರೇ, ನಿಮ್ಮೂರಿನ ಹೊಳೆ ದಾಟಿದರೆ ಆ ಕದನದ ಸೀಮೆ. ನೂನಿಜ್ ಬರೆದದ್ದು ಕದನವಾಗಿ ಸುಮಾರು ಹದಿನೈದು ವರ್ಷದ ಮೇಲೆ. ಅವನ ಅಂಕಿಗಳನ್ನು ಕೂಡಿಸಿದರೆ ವಿಜಯನಗರದ ಕಡೆ 7,03,000 ಕಾಲಾಳು. ಅಷ್ಟು ಜನಕ್ಕೆ ಅನ್ನ, ನೀರು, ಎತ್ತು ಒದಗಿಸುವುದನ್ನು ಯೋಚಿಸಿದರೆ ನಂಬುವುದು ಕಷ್ಟ. ಆದರೂ ಅನುಪಾತ ಉಪಯೋಗಕ್ಕೆ ಬರುತ್ತದೆ. ಮುಂಚೂಣಿಯ ಕಾಮನಾಯಕನಿಗೆ 30,000 ಕಾಲಾಳು, 1,000 ಕುದುರೆ. ತ್ರಿಂಬಿಕಾರ ಎಂದು ಅವನು ಕರೆಯುವ ನಾಯಕನಿಗೆ 50,000 ಮತ್ತು 2,000. ಹತ್ತು ಸಾವಿರ ಕಾಲಾಳಿಗೆ ಒಂದು ಪೀಠ (ಗೊಂಬೆಗಳನ್ನು ನಿಲ್ಲಿಸುವ ತಟ್ಟೆ), ಸಾವಿರ ಕುದುರೆಗೆ ಒಂದು ಎಂದಿಟ್ಟುಕೊಳ್ಳಿ. ಕಾಮನಾಯಕನಿಗೆ ಮೂರು ಮತ್ತು ಒಂದು, ಇನ್ನೊಬ್ಬನಿಗೆ ಐದು ಮತ್ತು ಎರಡು. ಮುಂಬದಿಗೆ ಈ ಚಿಕ್ಕ ಅಂಕಿ. ಹಿಂಬದಿಗೆ "30,000, ನೂನಿಜ್ ಪ್ರಕಾರ". ಮೂಲದ ಮಾತು ಯಾವುದು, ನಾವು ಕಟ್ಟಿಕೊಂಡದ್ದು ಯಾವುದು ಎಂದು ಮಕ್ಕಳಿಗೆ ಬೇರೆಬೇರೆಯಾಗಿ ಕಾಣಲೇಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ವಿಜಯನಗರದ ಕಡೆಯ ಪೋರ್ಚುಗೀಸ್ ಕೋವಿಯವರು ಬರೀ ಇಪ್ಪತ್ತು ಜನ. ಈ ಲೆಕ್ಕದಲ್ಲಿ ಅವರು ಮಾಯವಾಗುತ್ತಾರೆ. ಕ್ರಿಸ್ಟೊವಾವ್ ಡಿ ಫಿಗೆರೇದೊ ಅವರೊಂದಿಗೆ ಬಂದು ಕೋಟೆ ಗೋಡೆಯ ಮೇಲೆ ತಲೆ ಹಾಕಿದವರನ್ನು ಹೊಡೆದದ್ದು ಮುತ್ತಿಗೆಯಲ್ಲಿ. ಆದ್ದರಿಂದ ಕೋಟೆ ಆಟಕ್ಕೆ ಮಾತ್ರ ಅವರಿಗೊಂದು ವಿಶೇಷ ಕಾರ್ಡು ಮಾಡಿ, ಬಯಲಿನ ಕದನಕ್ಕೆ ತರಬೇಡಿ.

ಪ್ರಶ್ನೆ: ಮನೆಯಲ್ಲಿ ಸರಿಯಾಗಿದ್ದ ಕನ್ನಡ ಪ್ರಿಂಟ್ ಅಂಗಡಿಯಲ್ಲಿ ಚಿತ್ರವಿಚಿತ್ರ ಅಕ್ಷರವಾಯಿತು. ಹಿಂದುಮುಂದೂ ಹೊಂದಲಿಲ್ಲ.
– ವಿದ್ಯಾರ್ಥಿ, ಕುರುಗೋಡು

ಉತ್ತರ: ಹಳೆಯ ನುಡಿ ಫಾಂಟಿನ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೀಗಾಗುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿ ಪಿಡಿಎಫ್ ಒಯ್ಯಪ್ಪ. 63×88 ಮಿ.ಮೀ. ಕಾರ್ಡು ಎ4 ಹಾಳೆಗೆ ಒಂಬತ್ತು ಹಿಡಿಯುತ್ತವೆ. ಹಾಳೆ ಮಗುಚಿದಾಗ ಎಡ–ಬಲ ಅದಲುಬದಲಾಗುವುದರಿಂದ, ಎಡಸಾಲಿನ ಕಾರ್ಡುಗಳ ಹಿಂಬದಿಯನ್ನು ಬಲಸಾಲಿಗೆ ಜೋಡಿಸು. ಮೊದಲು ಸಾದಾ ಹಾಳೆಯಲ್ಲಿ ತೆಗೆಸಿ ಬೆಳಕಿಗೆ ಹಿಡಿದು ನೋಡು, ಆಮೇಲೆ 300 ಜಿಎಸ್‌ಎಂ ಕಾರ್ಡಿಗೆ ಹೇಳು. ಲ್ಯಾಮಿನೇಷನ್ ಮ್ಯಾಟ್ ಇರಲಿ, ಹೊಳಪಿನದಾದರೆ ಟ್ಯೂಬ್‌ಲೈಟ್ ಕೆಳಗೆ ಅಂಕಿ ಕಾಣುವುದಿಲ್ಲ.