ಐವತ್ತನಾಲ್ಕು ವರ್ಷಗಳ ತರುವಾಯ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನ ಇಂದೂರದಂತಹ ಊರುಗಳಲ್ಲಿ ಸಂಜೆ ಶಾಲೆ ಬಿಟ್ಟೊಡನೆ ಹುಡುಗರು ಬಯಲಿಗೆ ಓಡುತ್ತಾರೆ. ಕ್ರಿಕೆಟ್ಟಿಗೆ ದಾಂಡು ಬೇಕು, ಗೂಟಗಳು ಬೇಕು. ಕಾಲ್ಚೆಂಡಿಗಾದರೋ ಒಂದು ಚೆಂಡು, ಗುರುತಿಗೆ ಎರಡು ಕಲ್ಲು ಇದ್ದರೆ ಸಾಕು. ಅದೇ ತಾಲೂಕಿನ ಟಿಬೆಟನ್ ಶಿಬಿರಗಳ ತರುಣರು ಈ ಆಟವನ್ನು ಬಹು ಪ್ರೀತಿಯಿಂದ ಆಡುತ್ತಾರೆ. ಇಷ್ಟು ಸುಲಭವಾದ ಆಟದಲ್ಲಿ ನಮ್ಮ ರಾಜ್ಯದ ತಂಡವು 2023ರಲ್ಲಿ ದೇಶದ ಉಳಿದೆಲ್ಲ ರಾಜ್ಯಗಳನ್ನು ಹಿಂದಿಕ್ಕಿತೆಂಬುದನ್ನು ಎಷ್ಟು ಮಂದಿ ಬಲ್ಲರು? ಕ್ರಿಕೆಟ್ಟಿನ ಸದ್ದಿನಲ್ಲಿ ಆ ಸುದ್ದಿ ಅಷ್ಟಾಗಿ ಕೇಳಿಸಲಿಲ್ಲ.

ರಾಜ್ಯ ತಂಡಗಳು ಪರಸ್ಪರ ಸೆಣಸುವ ರಾಷ್ಟ್ರೀಯ ಕಾಲ್ಚೆಂಡು ಪಂದ್ಯಾವಳಿಗೆ ಸಂತೋಷ್ ಟ್ರೋಫಿ ಎಂದು ಹೆಸರು. ಇದು ಆರಂಭವಾದದ್ದು 1941ರಲ್ಲಿ. ಹೆಸರು ಕೇಳಿದ ಕನ್ನಡಿಗರಿಗೆ ಹರ್ಷದ ನೆನಪಾಗುವುದು ಸಹಜ. ನಿಜವಾಗಿ ಸಂತೋಷ್ ಎಂಬುದು ಇಂದಿನ ಬಾಂಗ್ಲಾದೇಶದಲ್ಲಿರುವ ಒಂದು ಸ್ಥಳ. ಅಲ್ಲಿಯ ಮಹಾರಾಜರಾಗಿದ್ದ ಮನ್ಮಥನಾಥ ರಾಯ್ ಚೌಧುರಿಯವರ ನೆನಪಿಗಾಗಿ ಈ ಪಾರಿತೋಷಕವನ್ನು ಇಡಲಾಯಿತು.

ಬೆಂಗಳೂರಿಗೆ ಈ ಆಟವನ್ನು ತಂದವರು ದಂಡುಪ್ರದೇಶದ ಬ್ರಿಟಿಷ್ ಸೈನಿಕರು. ಅವರ ಆಟವನ್ನು ಬೇಲಿಯ ಆಚೆ ನಿಂತು ನೋಡಿದ ಸುತ್ತಲಿನ ಬಡಾವಣೆಗಳ ಹುಡುಗರು ಬರಿಗಾಲಿನಲ್ಲಿಯೇ ಅದನ್ನು ಕಲಿತರು. ಕಲಿತು, ಕಲಿಸಿದವರನ್ನೇ ಮೀರಿದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದುವರೆಗೆ ಆ ಕಪ್ಪು ಬ್ರಿಟಿಷ್ ಪಡೆಗಳ ಸೊತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡವಿದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತವು 2-1ರಿಂದ ಸೋತಿತಾದರೂ, ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಂದಿನ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ.

ಹೀಗಿರುವಾಗ ಸಂತೋಷ್ ಟ್ರೋಫಿ ನಮ್ಮವರಿಗೆ ದೊರೆತದ್ದರಲ್ಲಿ ಆಶ್ಚರ್ಯವಿಲ್ಲ. 1946-47, 1952-53, 1967-68, 1968-69 ಹೀಗೆ ನಾಲ್ಕು ಸಲ ಮೈಸೂರು ತಂಡವು ಅದನ್ನು ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಈ ಆಟದ ತವರೆನಿಸಿದ ಬಂಗಾಳವೇ! ಕೊನೆಯ ಗೆಲುವು ಬೆಂಗಳೂರಿನಲ್ಲಿ. ಮೊದಲು ಆಡಿದ ಪಂದ್ಯದಲ್ಲಿ ಗೋಲುಗಳಿಲ್ಲ. ಮರುಪಂದ್ಯದಲ್ಲಿ ಒಂದೇ ಗೋಲು ತೀರ್ಪು ನೀಡಿತು.

ಅದೇ ಕೊನೆಯಾಯಿತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವೆಂದಾಯಿತು. ಹೊಸ ಹೆಸರಿನ ತಂಡ 1975-76ರಲ್ಲಿ ಅಂತಿಮ ಪಂದ್ಯವನ್ನು ಮುಟ್ಟಿ ಬಂಗಾಳಕ್ಕೆ ಸೋತಿತು. ಆಮೇಲೆ ನಲವತ್ತೇಳು ವರ್ಷ ಅಂತಿಮ ಪಂದ್ಯದ ಮುಖವನ್ನೂ ಕಾಣಲಿಲ್ಲ. 1969ರಲ್ಲಿ ಹುಟ್ಟಿದ ಕೂಸು ಬೆಳೆದು, ಆಟವಾಡಿ, ಆಟ ಬಿಟ್ಟು, ಮೊಮ್ಮಕ್ಕಳನ್ನು ಎತ್ತುವಷ್ಟು ಕಾಲ ಸರಿದುಹೋಯಿತು.

2022-23ರ ಪಂದ್ಯಾವಳಿಗೆ ರವಿಬಾಬು ರಾಜು ಅವರ ತರಬೇತಿಯಲ್ಲಿ ಸಿದ್ಧವಾದ ತಂಡದಲ್ಲಿ ಹೆಸರಾಂತ ತಾರೆಗಳಿರಲಿಲ್ಲ. ಅರ್ಹತಾ ಸುತ್ತನ್ನು ದಾಟಿದ ತಂಡ ಫೆಬ್ರುವರಿಯಲ್ಲಿ ಭುವನೇಶ್ವರಕ್ಕೆ ಹೋಯಿತು. ಗುಂಪಿನಲ್ಲಿ ಪಂಜಾಬು, ಗೋವಾ, ಮಹಾರಾಷ್ಟ್ರ, ಒಡಿಶಾಗಳ ಜೊತೆಗೆ ಹಿಂದಿನ ವರ್ಷದ ವಿಜೇತ ಕೇರಳವೂ ಇದ್ದಿತು. ಕೆಲವೇ ದಿನಗಳಲ್ಲಿ ಐದು ಪಂದ್ಯಗಳು! ಕಾಲಿನ ನೋವು ಆರುವ ಮೊದಲೇ ಮತ್ತೆ ಕಣಕ್ಕಿಳಿಯಬೇಕು. ಕರ್ನಾಟಕವು ಕೇರಳವನ್ನು 1-0ಯಿಂದ ಮಣಿಸಿತು. ಕೊನೆಗೆ ಗುಂಪಿನಿಂದ ಮುಂದೆ ಸಾಗಿದವರು ಪಂಜಾಬು ಮತ್ತು ಕರ್ನಾಟಕ. ಕೇರಳ ಮನೆಗೆ ಮರಳಿತು. ಆ ಒಂದು ಗೋಲಿನ ಬೆಲೆ ಆಗ ತಿಳಿಯಿತು.

ಉಪಾಂತ್ಯ ಮತ್ತು ಅಂತಿಮ ಪಂದ್ಯಗಳು ನಡೆದುದು ದೇಶದ ಹೊರಗೆ, ಸೌದಿ ಅರೇಬಿಯದ ರಿಯಾದ್ ನಗರದ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ. ಸಂತೋಷ್ ಟ್ರೋಫಿಯ ಇತಿಹಾಸದಲ್ಲಿ ಇಂತಹ ಏರ್ಪಾಡು ಅದೇ ಮೊದಲು. ಉಪಾಂತ್ಯದಲ್ಲಿ ಸರ್ವೀಸಸ್ ತಂಡವು ಮೊದಲ ಗೋಲನ್ನು ಹೊಡೆದರೂ ಕರ್ನಾಟಕ ಎದೆಗುಂದದೆ 3-1ರಿಂದ ಗೆದ್ದಿತು.

ಮಾರ್ಚ್ 4ರಂದು ಎದುರಾದದ್ದು ಮೇಘಾಲಯ. ಅವರಿಗೆ ಅದು ಮೊದಲ ಅಂತಿಮ ಪಂದ್ಯ. ಅವರ ಆಸೆಯೇನೂ ನಮ್ಮವರದಕ್ಕಿಂತ ಚಿಕ್ಕದಾಗಿರಲಿಲ್ಲ. ಆಟದ ಮೊದಲ ನಿಮಿಷಗಳಲ್ಲಿಯೇ ಸುನಿಲ್ ಕುಮಾರ್ ಗೋಲು ಹೊಡೆದರು. ಹತ್ತು ನಿಮಿಷ ತುಂಬುವ ಮೊದಲೇ ಮೇಘಾಲಯದ ಬ್ರೋಲಿಂಗ್ಟನ್ ಪೆನಾಲ್ಟಿಯಿಂದ ಸಮ ಮಾಡಿದರು. ಬೇಕಿ ಓರಂ ಮತ್ತೆ ಮುನ್ನಡೆ ತಂದರು. ವಿರಾಮಕ್ಕೆ ಸ್ವಲ್ಪ ಮೊದಲು ದೊರೆತ ಫ್ರೀ ಕಿಕ್ಕನ್ನು ರಾಬಿನ್ ಯಾದವ್ ನೇರವಾಗಿ ಬಲೆಗೆ ಸೇರಿಸಿದರು. 3-1! ಇನ್ನೇನು ಗೆದ್ದಂತೆಯೇ ಎನ್ನುವಷ್ಟರಲ್ಲಿ, ಅರುವತ್ತನೆಯ ನಿಮಿಷದ ಸುಮಾರಿಗೆ, ಶೀನ್ ಸೊಕ್ತುಂಗ್ ಹೊಡೆದ ಗೋಲಿನಿಂದ ಅಂತರ ಒಂದಕ್ಕಿಳಿಯಿತು.

ಉಳಿದದ್ದು ಅರ್ಧ ತಾಸು. ಕಾಲ್ಚೆಂಡಾಟದಲ್ಲಿ ಒಂದು ಗೋಲಿನ ಮುನ್ನಡೆಯಷ್ಟು ತ್ರಾಸದಾಯಕವಾದುದು ಮತ್ತೊಂದಿಲ್ಲ. ಮುನ್ನುಗ್ಗಿದರೆ ಬೆನ್ನ ಹಿಂದೆ ಬಯಲು ತೆರೆಯುತ್ತದೆ. ಹಿಂದೆ ಸರಿದರೆ ಎದುರಾಳಿ ಮನೆಯಂಗಳಕ್ಕೇ ಬಂದು ನಿಲ್ಲುತ್ತಾನೆ. ಒಂದು ಕಾಲು ಜಾರಿದರೂ ಎಲ್ಲವೂ ಮೊದಲಿನಿಂದ. ಆ ಅರ್ಧ ತಾಸಿನಲ್ಲಿ ಕರ್ನಾಟಕದವರು ಮತ್ತೆ ಗೋಲು ಹೊಡೆಯಲಿಲ್ಲ, ಹೊಡೆಯಗೊಡಲೂ ಇಲ್ಲ. ಸೀಟಿ ಊದಿದಾಗ ಅಂಕ 3-2. ವಿಜೇತರ ಪಟ್ಟಿಯಲ್ಲಿ ನಾಲ್ಕು ಕಡೆ ಮೈಸೂರು ಎಂದಿದ್ದ ಈ ನಾಡಿನ ಹೆಸರು ಮೊದಲ ಬಾರಿಗೆ ಕರ್ನಾಟಕ ಎಂದು ದಾಖಲಾಯಿತು.